ಬಾನೆಟ್ ಬಿಸಿಯಿತ್ತು

ಏಳಕ್ಕೆ ಬರುತ್ತೇವೆ, ಅಲ್ಲಿಯ ತನಕ
ಕೀಲಿ ತಿರುಗಿಸಬೇಡಿ ಎಂದು ಹೇಳಿಟ್ಟಿದ್ದೆ.
ಕೋಡಿಬಾಗದ ಆ ಅಂಗಳದಲ್ಲಿ
ತುಳಸಿಯ ಮೇಲೆ ಇನ್ನೂ ಇಬ್ಬನಿ,
ಬಾನೆಟ್ ಮಾತ್ರ
ಜ್ವರ ಬಂದ ಹಣೆಯಂತೆ ಬಿಸಿ.

"ಹಾಲು ತರಲಿಕ್ಕೆ ಹೋಗಿದ್ದೆ" ಅಂದರು ರೋಹಿದಾಸ ಬಾಂದೇಕರರು.
ಇರಬಹುದು.
ಹಾಲಿನ ಅಂಗಡಿ ಗೇಟಿನೆದುರೇ ಕಾಣುತ್ತಿತ್ತು.

ಕಾಯುವಾ, ಎಂದಳು ಸುಲಕ್ಷಾ ತಾಂಡೇಲ.
ಬೈತಖೋಲದ ದಕ್ಕೆಯಲ್ಲಿ ಹದಿನಾರು ವರ್ಷ
ಮೀನು ಹರಾಜು ಕೂಗಿದವಳು.
ಬರ್ಫ ಸುರಿದು ನಿನ್ನೆಯದನ್ನು ಇಂದಿನದು ಮಾಡುವ ವಿದ್ಯೆ
ಅವಳಿಗೆ ಯಾರೂ ಕಲಿಸಬೇಕಿಲ್ಲ.
ಇಲ್ಲಿ ಬಿಸಿ ಮಾಡಿದ್ದಾರೆ, ಅಷ್ಟೇ.

ಎಂಜಿನ್ ಆರಲಿ ಎಂದು ನಾನು ಕೆಳಗೆ ಬಗ್ಗಿದೆ.

ಕಾರವಾರದ ಗಾಡಿಯ ವಯಸ್ಸು ಹೇಳುವುದು
ಮೀಟರಲ್ಲ, ಉಪ್ಪು.
ಮೀಟರು ನಲವತ್ತೆರಡು ಸಾವಿರ ಅನ್ನುತ್ತದೆ;
ಕ್ಲಚ್ಚಿನ ರಬ್ಬರು ಬೋಳಾಗಿ
ಲಕ್ಷ ದಾಟಿದ್ದನ್ನು ಒಪ್ಪಿಕೊಳ್ಳುತ್ತದೆ.
ಚಕ್ರದ ಕಮಾನಿನೊಳಗೆ ಬೆರಳಿಟ್ಟರೆ
ಕಾದ ಹಪ್ಪಳದ ಹಾಗೆ ಮುರಿದು ಬರುವ ತಗಡು.
ಸೀಟ್ ಬೆಲ್ಟ್ ಕೊನೆಯ ತನಕ ಎಳೆದೆ:
ನೆರೆನೀರು ಒಳಗೆ ಕೂತಿದ್ದರೆ ಅಲ್ಲೊಂದು
ಗೆರೆ ಬರೆದು ಹೋಗಿರುತ್ತದೆ. ಇಲ್ಲ.
ಕಾಳಿ ಇದನ್ನು ಮುಟ್ಟಿಲ್ಲ, ಅದೊಂದು ಪುಣ್ಯ.
ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ
ಗೋವೆಯ ಬಾಟಲಿಯ ಮೂರು ಮುಚ್ಚಳ.
ಮಾಜಾಳಿ ನಾಕೆ ದಾಟಿದ ಕತೆ ನಾನು ಕೇಳಲಿಲ್ಲ,
ಅವರು ಸುಮ್ಮನೆ ಕೆಮ್ಮಿದರು.

ಆಮೇಲೆ ಆಯಸ್ಕಾಂತ.
ಹಾಳಾದ ಸ್ಪೀಕರಿನದು, ಬನಿಯನ್ ತುಂಡಿನಲ್ಲಿ ಸುತ್ತಿದ್ದು.
ಬಲಬಾಗಿಲು ಹಿಡಿಯಿತು. ಛಾವಣಿ ಹಿಡಿಯಿತು.
ಎಡಗಡೆ ಹಿಂಬಾಗಿಲ ಹತ್ತಿರ
ಕೈ ಬಿಟ್ಟೆ,
ಅದು ಜಾರಿ ಕಾಲ ಮೇಲೆ ಬಿತ್ತು.

ಪುಟ್ಟಿ.

ಬಾಗಿಲ ರಬ್ಬರು ಕಿತ್ತು ಬ್ಯಾಟರಿ ಹಾಕಿದೆ.
ಬಿಳಿಯ ಕೆಳಗೆ ಕೆಂಪು,
ಕೆಂಪಿನ ಕೆಳಗೆ ಬೆಸುಗೆ,
ಕಂಬಳಿಹುಳದಂತೆ ಹರಿದದ್ದು,
ಪ್ರತಿ ಗಂಟೂ ಎಡಕ್ಕೆ ಕೊಂಚ ವಾಲಿದ್ದು.

ಊರಲ್ಲಿ ಎಡಗೈಯಲ್ಲಿ ಬೆಸುಗೆ ಹಾಕುವವನು
ನಾನೊಬ್ಬನೇ.

ಹಬ್ಬುವಾಡದ ಶೆಡ್ಡು, ನನಗೆ ಆಗ ಹತ್ತೊಂಬತ್ತು.
ಅರಗಾದ ತಿರುವಿನಲ್ಲಿ ಲಾರಿಗೆ ಒರೆಸಿಕೊಂಡ ಕೆಂಪು ಕಾರು,
ನೋಟು ಎಣಿಸುತ್ತ ನಿಂತ ಯಾರೋ ಒಬ್ಬ:
"ಗೊತ್ತಾಗಬಾರದು ನೋಡು."
ಗೊತ್ತಾಗದ ಹಾಗೆ ಮಾಡಿದ್ದೆ.
ಮೇಸ್ತ್ರಿ ಬೆನ್ನು ತಟ್ಟಿ ಕೋಕಂ ಸೋಡಾ ಕೊಡಿಸಿದ್ದರು.

ರಬ್ಬರನ್ನು ಮತ್ತೆ ಒತ್ತಿ ಕೂಡಿಸಿದೆ.
ಕೂತಿತು, ಚೆನ್ನಾಗಿಯೇ ಕೂತಿತು.
ಮತ್ತೆ ಕಿತ್ತೆ.

"ಇದು ಹೊಡೆದ ಗಾಡಿ. ಹೊಲಿದವನು ನಾನೇ" ಎಂದೆ.

ಬಾಂದೇಕರರ ಮುಖ ನೋಡಿದೆ.
"ದೇವರಾಣೆ, ನಾನು ಮೂರನೆಯವ, ನನಗೆ ಯಾರೂ ಹೇಳಲಿಲ್ಲ."
ಹಾಲಿನ ಸುಳ್ಳಿನಲ್ಲಿ ಇದ್ದ ನಯ ಇದರಲ್ಲಿರಲಿಲ್ಲ.
ಹೆಸರೂ ಗೊತ್ತಿಲ್ಲದ ಕಾಲದಲ್ಲಿ
ಈ ಮನುಷ್ಯನಿಗೆ ನಾನು ಟೋಪಿ ಹಾಕಿದ್ದೆ.

ಸುಲಕ್ಷಾ ಮಂಡಿಯೂರಿ ಕೂತಳು,
ಕಿವಿರು ಅಗಲಿಸಿ ನೋಡುವವಳ ಹಾಗೆ
ಹೆಬ್ಬೆರಳಿಂದ ಬೆಸುಗೆ ಒತ್ತಿದಳು.
"ನಿಂತಿದೆಯಾ?"
ಸ್ಪಾನರಿನಿಂದ ಬಡಿದೆ. ಠಣ್ ಎಂದಿತು.
ಹದಿಮೂರು ಮಳೆಗಾಲ.
"ನಿಂತಿದೆ" ಎಂದೆ. ಖುಷಿಯಾಗಬಾರದಿತ್ತು. ಆಯಿತು.

ಆಗ ಅವಳು ಹರಾಜಿನ ದನಿ ತೆಗೆದಳು.
ಮಾವಿನ ಮರದ ಕಾಗೆಗಳೆಲ್ಲ ಎದ್ದವು.
ನಲವತ್ತು ಸಾವಿರ ಇಳಿಸಿ ಎಂದವಳು
ಮೂವತ್ತಕ್ಕೆ ನಿಂತಳು. ನನ್ನ ಕಡೆ ತಿರುಗಿ,
"ನಿನಗೆ ಐನೂರು ಅಂದಿದ್ದೆನಲ್ಲ, ಅದಿಲ್ಲ.
ಜೂನಿನ ಒಳಗೆ ಅದನ್ನು ಬಿಚ್ಚಿ ಹೊಸದಾಗಿ ಹಾಕು.
ಬಣ್ಣ ಬಳಿಯಬೇಡ."

ಬಾನೆಟ್ ಅಷ್ಟರಲ್ಲಿ ತಣ್ಣಗಾಗಿತ್ತು.
ಕೀಲಿ ತಿರುಗಿಸಿದೆ.
ಮೊದಲ ಹೊಗೆ ನೀಲಿ.

"ನೀಲಿ ಅಂದರೆ?"
"ಎಣ್ಣೆ ಕುಡಿಯುತ್ತದೆ."
"ನಮ್ಮ ದಕ್ಕೆಯಲ್ಲಿ ಕುಡಿಯದವರು ಯಾರು" ಎಂದಳು,
ಎಂದು, ಇನ್ನೂ ಐದು ಸಾವಿರ ಇಳಿಸಿದಳು.